ಬ್ಲಾಕ್‌ಚೈನೂ ಕಾಫಿಯ ಲೆಕ್ಕವೂ

೨೦೧೯ನೆಯ ಮಾರ್ಚಿ ತಿಂಗಳಲ್ಲಿ ಕಾಫಿ ಮಂಡಳಿಯವರು ಬ್ಲಾಕ್‌ಚೈನ್ ಪದ್ಧತಿಯ ಕಾಫಿ ಮಾರುಕಟ್ಟೆಯನ್ನು ಪ್ರಯೋಗಾರ್ಥವಾಗಿ ತೆರೆದರು. ಅದೇ ತಿಂಗಳು ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದವರು ಬ್ಲಾಕ್‌ಚೈನಿಗಾಗಿ ರಾಷ್ಟ್ರೀಯ ಕಾರ್ಯನೀತಿಯನ್ನೇ ಪ್ರಕಟಿಸಿದರು.

ಈ ಪದ್ಧತಿಯ ಗುಣವೇನು? ಬರೆದ ಲೆಕ್ಕದ ಪ್ರತಿಗಳು ಹಲವರಲ್ಲಿರುವುದರಿಂದ ಒಬ್ಬನು ಅದನ್ನು ಗುಟ್ಟಾಗಿ ತಿದ್ದಲಾರನು. ಶಾನುಭೋಗರ ದಫ್ತರದ ಕಥೆಗಳನ್ನು ಹಿರಿಯರಿಂದ ಕೇಳಿ ಬಲ್ಲ ಕಡೂರು, ಅಜ್ಜಂಪುರಗಳ ರೈತರಿಗೆ ಇದರ ಬೆಲೆಯನ್ನು ನಾವು ಹೇಳಿಕೊಡಬೇಕಾದುದಿಲ್ಲ. ಆದರೆ ಮೊದಲ ಬರಹವೇ ಸುಳ್ಳಾದರೆ ಆ ಸುಳ್ಳೂ ಅಳಿಯದೆ ನಿಲ್ಲುವುದು! ತರೀಕೆರೆಯ ಬೆಟ್ಟದ ಕಡೆಯ ಸಣ್ಣ ಬೆಳೆಗಾರನು ತನ್ನ ನಾಲ್ಕು ಮೂಟೆಯನ್ನು ಊರ ವ್ಯಾಪಾರಿಗೇ ತೂಗಿಕೊಟ್ಟನೆನ್ನಿ. ಅದು ಹತ್ತು ತೋಟದ ಕಾಫಿಯೊಡನೆ ಬೆರೆತ ಮೇಲೆ ಲೆಕ್ಕ ಆರಂಭವಾದರೆ ಅವನ ಹೆಸರು ಅದರಲ್ಲಿ ಎಲ್ಲಿಯದು?

ಆದುದರಿಂದ ತೂಕದ ಸ್ಥಳದಲ್ಲಿಯೇ, ಕನ್ನಡದಲ್ಲಿ, ಬೆಳೆಗಾರನ ಕಣ್ಣೆದುರಿಗೆ ಮೊದಲ ಲೆಕ್ಕವನ್ನು ಬರೆಯಿಸುವ ಏರ್ಪಾಡನ್ನು ಸರ್ಕಾರದವರು ಮಾಡತಕ್ಕದ್ದು. ಅದರ ವೆಚ್ಚವನ್ನು ಅವನ ಮೇಲೆ ಹೊರಿಸಕೂಡದು. ಪ್ರಯೋಗದಿಂದ ಬೆಳೆಗಾರನ ಕೈಗೆ ಎಷ್ಟು ಹೆಚ್ಚು ಹಣ ಬಂದಿತೆಂಬುದನ್ನು ಮಂಡಳಿಯವರು ತಾಲ್ಲೂಕುವಾರಾಗಿ ಪ್ರಕಟಿಸಲಿ.