ಹೇಳಿಕೊಳ್ಳಲಾರದೆ ಆಟ ಬಿಟ್ಟ ಹುಡುಗಿ

ಚಿಕ್ಕೋಡಿಯ ಕಡೆಯ ಒಬ್ಬ ತಾಯಿ ಬರೆದ ಪತ್ರ ನನ್ನ ಮುಂದಿದೆ. ಅವರ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಾಳೆ. ಖೋ ಖೋ ಆಟದಲ್ಲಿ ಶಾಲೆಗೆ ಹೆಸರು ತಂದವಳು. ತಾಲ್ಲೂಕು ಮಟ್ಟದ ಪಂದ್ಯಗಳಿಗೆ ಆಯ್ಕೆಯಾಗಿದ್ದವಳು. ಹಾಗಿದ್ದವಳು ಒಂದು ಸಂಜೆ ಮನೆಗೆ ಬಂದು, "ಅವ್ವಾ, ನಾ ನಾಳಿಂದ ಆಟಕ್ಕ ಹೋಗಂಗಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಟ್ಟಳಂತೆ. ಮಾಸ್ತರರು ಬೈದರೇ, ಗೆಳತಿಯರು ಜಗಳವಾಡಿದರೇ ಎಂದು ತಾಯಿ ಎಷ್ಟು ಕೇಳಿದರೂ ಉತ್ತರವಿಲ್ಲ. ಎಂಟು ದಿನಗಳ ಮೇಲೆ, ಬಚ್ಚಿಟ್ಟಿದ್ದ ಒಳಉಡುಪು ಕೈಗೆ ಸಿಕ್ಕಾಗ ಗುಟ್ಟು ಹೊರಬಿದ್ದಿತು. ಥಟ್ಟನೆ ಎದ್ದು ಓಡುವಾಗ, ಹಾರುವಾಗ ಅವಳಿಗೆ ತಡೆಯಲಾಗದೆ ಸ್ವಲ್ಪ ಮೂತ್ರ ಸೋರುತ್ತಿದ್ದಿತು. ಯಾರಾದರೂ ಕಂಡಾರೆಂಬ ಭಯದಿಂದ ಆಟದ ದಿನಗಳಲ್ಲಿ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

"ನಾಳೆ ಮದುವೆಯಾಗಿ ಹೋಗಬೇಕಾದ ಹುಡುಗಿ. ಇದು ಯಾವ ರೋಗ? ಯಾರ ಮುಂದೆ ಹೇಳಲಿ?" ಎಂದು ಆ ತಾಯಿ ಕೇಳಿದ್ದಾರೆ.

ಮೊದಲು ಅವರು ಸಮಾಧಾನ ತಂದುಕೊಳ್ಳಲಿ. ಇದು ಅವರ ಮಗಳೊಬ್ಬಳ ತೊಂದರೆಯಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಶಾಲೆಯ ಬಯಲುಗಳಲ್ಲಿ ಆಡುವ ಹುಡುಗಿಯರಲ್ಲಿಯೂ, ದೂರದ ದೇಶಗಳಲ್ಲಿ ಪದಕ ಗೆಲ್ಲುವವರಲ್ಲಿಯೂ ಇದು ಉಂಟಾಗಬಹುದು. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 144 ಮಂದಿ ಕಾಲೇಜು ಆಟಗಾರ್ತಿಯರನ್ನು ವಿಚಾರಿಸಲಾಯಿತು. ಅವರ ಸರಾಸರಿ ವಯಸ್ಸು ಸುಮಾರು 20; ಯಾರೂ ಹೆತ್ತವರಲ್ಲ. ಆದರೂ ನೂರಕ್ಕೆ 28 ಮಂದಿ ಆಟದ ನಡುವೆ ಮೂತ್ರ ಸೋರುವುದುಂಟೆಂದು ಒಪ್ಪಿಕೊಂಡರು. ಪುಟಿಯುವ ಬಟ್ಟೆಯ ಮೇಲೆ ನೆಗೆದಾಡುವ ಟ್ರ್ಯಾಂಪೊಲಿನ್ ಕ್ರೀಡೆಯ 35 ಮಂದಿ ಸ್ವೀಡನ್ ದೇಶದ ಹುಡುಗಿಯರನ್ನು ಕೇಳಿದಾಗ ಐವರಲ್ಲಿ ನಾಲ್ವರು ಇದೇ ಮಾತನ್ನು ಹೇಳಿದರು. ಇದು 2002ರ ಸಂಗತಿ. ಹೆರಿಗೆಯಾದವರಿಗೆ, ಮುದುಕಿಯರಿಗೆ ಮಾತ್ರ ಬರುವ ತೊಂದರೆಯೆಂಬ ನಮ್ಮ ಎಣಿಕೆ ತಪ್ಪು.

ಕಾರಣವೇನು? ಸೊಂಟದ ಎಲುಬುಗಳ ನಡುವೆ, ತಳದಲ್ಲಿ, ಸ್ನಾಯುಗಳ ಒಂದು ಹಾಸು ಇದೆ. ನಮ್ಮ ಕಡೆಯ ಹೊರಸಿಗೆ ನುಲಿ ಬಿಗಿದಂತೆ ಅದು ಮುಂದಿನಿಂದ ಹಿಂದಕ್ಕೆ ಹರಡಿಕೊಂಡು, ಮೂತ್ರಕೋಶವನ್ನೂ ಗರ್ಭಕೋಶವನ್ನೂ ಹೊತ್ತಿದೆ. ಮೂತ್ರದ್ವಾರವನ್ನು ಬಿಗಿಹಿಡಿಯುವುದರಲ್ಲಿಯೂ ಅದರ ಪಾಲುಂಟು. ಹಾರಿ ನೆಲಕ್ಕೆ ಬಿದ್ದಾಗ, ಖೋ ಕೊಟ್ಟೊಡನೆ ಕುಳಿತಲ್ಲಿಂದ ಚಿಮ್ಮಿದಾಗ, ಕಬಡ್ಡಿಯಲ್ಲಿ ಉಸಿರು ಬಿಗಿಹಿಡಿದು ಎಳೆದಾಡುವಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಗೇ ಏರುತ್ತದೆ. ಆ ಕ್ಷಣದಲ್ಲಿ ಕೆಳಗಿನ ಸ್ನಾಯುಗಳು ಸಾಕಷ್ಟು ಬಿಗಿಯದಿದ್ದರೆ, ಅಥವಾ ಅರೆಕ್ಷಣ ತಡವಾಗಿ ಬಿಗಿದರೆ, ಮೂತ್ರ ಜಾರುತ್ತದೆ. ಕಾಲು ಗಟ್ಟಿ, ತೋಳು ಗಟ್ಟಿ; ಈ ಒಂದು ಸ್ನಾಯುವಿಗೆ ಮಾತ್ರ ಯಾವ ಮಾಸ್ತರರೂ ತಾಲೀಮು ಕೊಟ್ಟಿಲ್ಲ.

ತಾಲೀಮು ಕೊಡಬಹುದು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿಯೇ ಇದನ್ನು ಬರೆದು ತಿಳಿಸಿದರು; ಇಂದಿಗೂ ವೈದ್ಯರು ಮೊದಲು ಹೇಳುವ ಚಿಕಿತ್ಸೆ ಅದೇ. ಹುಡುಗಿ ಅಂಗಾತ ಮಲಗಿ ಮೊಣಕಾಲು ಮಡಿಸಲಿ. ವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವಾಗ ಮಾಡುವಂತೆ ತಳದ ಸ್ನಾಯುವನ್ನು ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳಲಿ. ಉಸಿರು ಸರಾಗವಾಗಿ ಆಡುತ್ತಿರಲಿ. ತೊಡೆ, ಪಿರ್ರೆಗಳನ್ನು ಬಿಗಿಯಬಾರದು. ಮೊದಲು ಮೂರು ನಾಲ್ಕು ಎಣಿಸುವಷ್ಟು ಹೊತ್ತು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಲಿ. ವಾರಗಳು ಕಳೆದಂತೆ ಹತ್ತು ಎಣಿಸುವವರೆಗೆ ಏರಿಸಲಿ. ಒಂದು ಸಲಕ್ಕೆ ಎಂಟರಿಂದ ಹನ್ನೆರಡು ಬಾರಿ. ದಿನಕ್ಕೆ ಮೂರು ಸಲ. ಅಭ್ಯಾಸವಾದ ಮೇಲೆ ಕುಳಿತೂ ನಿಂತೂ ಮಾಡಬಹುದು. ಬಳಿಕ ಕೆಮ್ಮುವ ಮುನ್ನ, ಎದ್ದು ಓಡುವ ಮುನ್ನ, ಹಾರುವ ಮುನ್ನ ಚಟಕ್ಕನೆ ಬಿಗಿಯುವುದನ್ನು ಕಲಿಯಲಿ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ನಾಲ್ಕು ದಿನ ಮಾಡಿ ಗುಣವಾಗಲಿಲ್ಲವೆನ್ನಬಾರದು. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಸಲ್ಲದು.

ನೀರನ್ನು ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಈ ಸೀಮೆಯ ಬಿಸಿಲಿನಲ್ಲಿ ನೀರಿಲ್ಲದೆ ಓಡಿದರೆ ತಲೆ ತಿರುಗಿ ಬೀಳಬಹುದು. ಮೂತ್ರ ದಟ್ಟವಾಗಿ ಉರಿ ಹುಟ್ಟಿಸಬಹುದು. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಲಿ. ಆಟಕ್ಕೆ ಇಳಿಯುವ ಮುನ್ನ ಒಮ್ಮೆ ಮೂತ್ರಕ್ಕೆ ಹೋಗಿಬರಲಿ. ಆದರೆ ಭಯದಿಂದ ಗಳಿಗೆಗೊಮ್ಮೆ ಹೋಗುವ ರೂಢಿ ಬೇಡ. ಮಲಬದ್ಧತೆಯಿದ್ದರೆ ಮುಕ್ಕುವುದರಿಂದ ಈ ಸ್ನಾಯುಗಳೇ ಸಡಿಲಾಗುತ್ತವೆ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಕಾಳುಗಳು ಊಟದಲ್ಲಿರಲಿ. ತೂಕ ಇಳಿಸಬೇಕೆಂದು ಹುಡುಗಿಯನ್ನು ಅರೆಹೊಟ್ಟೆಯಲ್ಲಿ ಆಡಿಸಬಾರದು. ಗುಣವಾಗುವವರೆಗೆ ಮೂತ್ರ ಹೀರುವ ಪ್ಯಾಡು, ಗಾಢ ಬಣ್ಣದ ಉಡುಪು, ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ ಇದ್ದರೆ ಧೈರ್ಯವಿರುತ್ತದೆ. ಒದ್ದೆಯಾದುದನ್ನು ಬೇಗ ಬದಲಿಸಬೇಕು.

ವೈದ್ಯರನ್ನು ಕಾಣಲು ತಡಮಾಡಬಾರದ ಸಂದರ್ಭಗಳೂ ಉಂಟು. ಮೂತ್ರದಲ್ಲಿ ಉರಿ ಅಥವಾ ರಕ್ತ, ಜ್ವರ, ವಿಪರೀತ ಬಾಯಾರಿಕೆ, ಹೊಸದಾಗಿ ಹಾಸಿಗೆ ಒದ್ದೆಯಾಗುವುದು, ಹಗಲಿರುಳು ಹನಿಯುತ್ತಲೇ ಇರುವುದು, ಬೆನ್ನುನೋವಿನೊಡನೆ ಕಾಲು ಜೋಮುಹಿಡಿಯುವುದು, ಮೂರು ತಿಂಗಳು ಮುಟ್ಟು ನಿಲ್ಲುವುದು — ಇವುಗಳಲ್ಲಿ ಒಂದಿದ್ದರೂ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ಮೂತ್ರಪರೀಕ್ಷೆ ಮಾಡಿಸಬೇಕು. ವ್ಯಾಯಾಮದ ಕ್ರಮ ತಿಳಿಯದಿದ್ದರೆ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಆಸ್ಪತ್ರೆಯೂ ಫಿಜಿಯೋಥೆರಪಿ ಕಾಲೇಜೂ ಇವೆ. ಮಹಿಳಾ ಚಿಕಿತ್ಸಕಿಯೇ ಬೇಕೆಂದು ಸಂಕೋಚವಿಲ್ಲದೆ ಕೇಳಬಹುದು. ಹುಡುಗಿಗೆ ಒಪ್ಪಿಗೆಯಿಲ್ಲದಿದ್ದರೆ ಒಳಪರೀಕ್ಷೆಯಿಲ್ಲದೆಯೇ ಕಲಿಸಲು ಸಾಧ್ಯವಿದೆ.

ಇನ್ನು ಮದುವೆಯ ಮಾತು. ಈ ಸೋರಿಕೆಯಿಂದ ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ವ್ಯಾಯಾಮದಿಂದ ಕನ್ಯತ್ವಕ್ಕೆ ಯಾವ ಬಾಧೆಯೂ ಇಲ್ಲ. ಬದಲಾಗಿ, ಈಗ ಬಲಗೊಂಡ ಸ್ನಾಯು ನಾಳೆ ಹೆರಿಗೆಯ ಕಾಲದಲ್ಲಿಯೂ ನೆರವಿಗೆ ಬಂದೀತು.

ಶಾಲೆಯ ಮಾಸ್ತರರಲ್ಲಿ ಒಂದು ವಿನಂತಿ. ಆಟದ ಬಯಲಿನ ಹತ್ತಿರ ಬಾಗಿಲು, ನೀರು ಇರುವ ಶೌಚಾಲಯವಿರಲಿ. ಹುಡುಗಿ ನಡುವೆ ಹೋಗಿಬರುತ್ತೇನೆಂದರೆ ಎಲ್ಲರ ಮುಂದೆ ಕಾರಣ ಕೇಳಬೇಡಿ. ಹುಡುಗಿಯರು ನಿಮಗೆ ಹೇಳಲಾರದುದನ್ನು ಹೇಳಿಕೊಳ್ಳಲು ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡಿ.

ಪತ್ರ ಬರೆದ ತಾಯಿಗೆ ಕೊನೆಯ ಮಾತು: ಮಗಳು ತಾನಾಗಿ ಬಾಯಿಬಿಡಲೆಂದು ಕಾಯಬೇಡಿ. ಇಂದು ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು, "ಇದು ಭಾಳ ಮಂದಿಗೆ ಆಗತೈತವ್ವಾ, ಇದಕ್ಕ ದಾರಿ ಐತಿ" ಎಂದು ನೀವೇ ಮೊದಲು ಹೇಳಿರಿ. ಹೆತ್ತ ಮೇಲೆ ಕೆಮ್ಮಿದಾಗ, ಸೀನಿದಾಗ ನಿಮಗೂ ಹಾಗಾದದ್ದುಂಟಾದರೆ ಅದನ್ನೂ ಮುಚ್ಚಿಡಬೇಡಿ. ತಾಯಿ ಮಗಳು ಜೊತೆಯಲ್ಲಿಯೇ ವ್ಯಾಯಾಮ ಮಾಡಿರಿ. ಮೂರು ತಿಂಗಳ ಬಳಿಕ ಮತ್ತೊಂದು ಕಾಗದ ಬರೆಯಿರಿ; ಮಗಳು ಮತ್ತೆ ಬಯಲಿಗೆ ಇಳಿದಳೆಂಬ ಸುದ್ದಿ ಅದರಲ್ಲಿರಲಿ.