ಕೊನೆಯ ಅಪ್‌ಡೇಟ್ ಬೀಗ ತೆಗೆಯುವಂಥದ್ದಾಗಲಿ

ಸಾಗರದ ಪೇಟೆಯಲ್ಲಿ ಟಿವಿ, ಇನ್ವರ್ಟರ್, ಮಿಕ್ಸರ್ ರಿಪೇರಿ ಮಾಡಿಕೊಂಡಿರುವವನು ನಾನು. ಮಳೆಗಾಲ ಶುರುವಾಯಿತೆಂದರೆ ಸಿಡಿಲಿಗೆ ಸುಟ್ಟ ಸೆಟ್‌ಟಾಪ್ ಬಾಕ್ಸುಗಳ ಜೊತೆ ಹಳೆಯ ಗೇಮ್ ಪೆಟ್ಟಿಗೆಗಳೂ ಅಂಗಡಿಗೆ ಬರುತ್ತವೆ. ಮಳೆಗೆ ಶಾಲೆಗೆ ರಜೆ ಕೊಟ್ಟಾಗ ಮಕ್ಕಳು ಅಟ್ಟ ಹುಡುಕುತ್ತಾರೆ. ಬೆಂಗಳೂರು ಸೇರಿದ ಅಣ್ಣ ಬಿಟ್ಟುಹೋದ ಪ್ಲೇಸ್ಟೇಷನ್ 2, ಅಮೆರಿಕದಲ್ಲಿರುವ ಮಾವ ತಂದುಕೊಟ್ಟಿದ್ದ, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಸಿಗುತ್ತವೆ. ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರು ಬಸ್ಸಿನಲ್ಲಿ ಅದನ್ನು ಹೊತ್ತು ತಂದು, ಕೌಂಟರಿನ ಮೇಲೆ ಬಗ್ಗಿ, ಕಳ್ಳಭಟ್ಟಿ ಕೇಳುವವರ ದನಿಯಲ್ಲಿ ಕೇಳುತ್ತಾರೆ: "ಅಣ್ಣಾ, ಜೈಲ್‌ಬ್ರೇಕ್ ಮಾಡಿಕೊಡ್ತೀರಾ?"

ಜೈಲ್‌ಬ್ರೇಕ್ ಎಂದರೆ ಕಂಪನಿ ಯಂತ್ರಕ್ಕೆ ಹಾಕಿದ ಡಿಜಿಟಲ್ ಬೀಗ ತೆಗೆಯುವುದು. ಆ ಪಿಸುದನಿ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ತೆರೆಸಲಿಕ್ಕೆ ಆಚೀಚೆ ನೋಡಬೇಕು ಎಂದು ಈ ಮಕ್ಕಳಿಗೆ ಕಲಿಸಿದವರು ಯಾರು?

ಯಂತ್ರದೊಳಗೆ ಎಂತ ಆಗಿರುತ್ತದೆ ಅಂತ ಮೊದಲು ಹೇಳುತ್ತೇನೆ. ಪಿಎಸ್‌ಪಿ ಜಪಾನಿನಲ್ಲಿ ಬಿಡುಗಡೆಯಾದದ್ದು 2004ರ ಡಿಸೆಂಬರಿನಲ್ಲಿ. ಅದರ ಗೇಮುಗಳು ಯುಎಂಡಿ ಎಂಬ ಪುಟ್ಟ ಡಿಸ್ಕಿನಲ್ಲಿ, ಪ್ಲಾಸ್ಟಿಕ್ ಕವಚದೊಳಗೆ ಇರುತ್ತವೆ. ನಮ್ಮಲ್ಲಿ ನಾಲ್ಕು ತಿಂಗಳು ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಲೆನ್ಸಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಡ್ರೈವ್ ಗರಗರ ತಿರುಗುತ್ತದೆ, ಓದುವುದಿಲ್ಲ. ಹೊಸ ಡಿಸ್ಕ್ ಯಾವ ಅಂಗಡಿಯಲ್ಲೂ ಇಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳೋಣವೆಂದರೆ, ಪಿಎಸ್‌ಪಿಯಿಂದಲೇ ಗೇಮು ಕೊಳ್ಳುವ ವ್ಯವಸ್ಥೆಯನ್ನು ಅದನ್ನು ತಯಾರಿಸಿದ ಸೋನಿ ಕಂಪನಿ ನಿಲ್ಲಿಸಿಬಿಟ್ಟಿದೆ. ಈಗಿನ ರೌಟರುಗಳ ಡಬ್ಲ್ಯುಪಿಎ2 ಭದ್ರತೆ ಆ ಯಂತ್ರಕ್ಕೆ ಅರ್ಥವೇ ಆಗುವುದಿಲ್ಲ, ಹಾಗಾಗಿ ಮನೆಯ ವೈಫೈಗೂ ಸೇರುವುದಿಲ್ಲ. ಕಂಪನಿ ಕೊಟ್ಟ ಕೊನೆಯ ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, 6.61. ಅದು ಬಂದದ್ದು 2015ರ ಜನವರಿಯಲ್ಲಿ.

ಇದೇ ಯಂತ್ರಕ್ಕೆ ಹೊರಗಿನವರು ಬರೆದ ಕಸ್ಟಮ್ ಫರ್ಮ್‌ವೇರ್ ಹಾಕಿ ನೋಡಿ. ಡಾರ್ಕ್ ಅಲೆಕ್ಸ್ ಎಂಬ ಹೆಸರಿನಲ್ಲಿ ಸ್ಪೇನಿನ ಒಬ್ಬಾತ 2006ರ ಸುಮಾರಿಗೆ ಮಾಡತೊಡಗಿದ ಕೆಲಸವನ್ನು ಕೈಯಿಂದ ಕೈಗೆ ಬೇರೆಯವರು ಮುಂದುವರಿಸಿದರು. ಈಗ ಆರ್ಕ್-4 ಎಂಬುದು 6.61ರ ಮೇಲೆಯೇ ಚೆನ್ನಾಗಿ ಓಡುತ್ತದೆ. ಡಿಸ್ಕ್ ಇನ್ನೂ ಓದುವ ಸ್ಥಿತಿಯಲ್ಲಿದ್ದರೆ ಕೇಬಲ್ ಹಾಕಿ ಇಡೀ ಗೇಮನ್ನು ಒಂದೇ ಫೈಲಾಗಿ ಕಂಪ್ಯೂಟರಿಗೆ ಇಳಿಸಿ, ಮೆಮೊರಿ ಕಾರ್ಡಿಗೆ ಹಾಕಿ ಆಡಬಹುದು. ಮತ್ತೆ ಲೆನ್ಸಿನ ಗೊಡವೆ ಇಲ್ಲ. ಹಳೆಯ ಮೆಮೊರಿ ಸ್ಟಿಕ್ ಸಿಗದಿದ್ದರೆ ಮೈಕ್ರೊ ಎಸ್‌ಡಿ ಕೂರಿಸುವ ಅಡಾಪ್ಟರ್ ಉಂಟು. ಡಬ್ಲ್ಯುಪಿಎ2ಗೂ ಪ್ಲಗಿನ್ ಬಂದಿದೆ. ಪ್ಲೇಸ್ಟೇಷನ್ 2ಕ್ಕಾದರೆ ಫ್ರೀ ಎಂಸಿಬೂಟ್ ಎಂಬ ಸಾಫ್ಟ್‌ವೇರ್ ತುಂಬಿದ ಮೆಮೊರಿ ಕಾರ್ಡ್ ಸಿಕ್ಕಿಸಿದರೆ ಸಾಕು, ಬೆಸುಗೆ ಕಡ್ಡಿ ಮುಟ್ಟಬೇಕಿಲ್ಲ. ಪೆನ್‌ಡ್ರೈವಿನಿಂದ ಗೇಮ್ ಓಡಿಸಬಹುದು. ಆದರೆ ಅದರ ಯುಎಸ್‌ಬಿ 1.1 ಕಾಲದ್ದು, ನಡುವೆ ಬರುವ ವಿಡಿಯೊ ತಡವರಿಸುತ್ತದೆ. ನೆಟ್‌ವರ್ಕ್ ಕೇಬಲ್ ಹಾಕಿದರೆ ಆ ತೊಂದರೆ ಇಲ್ಲ.

ಇದಿಷ್ಟನ್ನೂ ಮಾಡಿದವರಿಗೆ ಕಂಪನಿಯ ಸಂಬಳವಿಲ್ಲ.

ಕರೆಂಟಿನ ಮಾತು ಹೇಳದೆ ಮುಂದೆ ಹೋಗಲಾರೆ. ಫರ್ಮ್‌ವೇರ್ ಬರೆಯುತ್ತಿರುವಾಗ ಲೈನು ಹೋದರೆ ಯಂತ್ರ ಬ್ರಿಕ್ ಆಗಬಹುದು, ಅಂದರೆ ಇಟ್ಟಿಗೆಯಂತೆ ಸುಮ್ಮನೆ ಬಿದ್ದಿರಬಹುದು. ಕಂಪನಿಯ ಅಪ್‌ಡೇಟ್ ಇರಲಿ, ಹೊರಗಿನವರದ್ದಿರಲಿ, ಗತಿ ಒಂದೇ. ಕರೆಂಟು ಕೊಡುವ ಲಿಂಗನಮಕ್ಕಿ ಅಣೆಕಟ್ಟು ಪಕ್ಕದಲ್ಲೇ ಇದ್ದರೂ ಒಂದು ಗಾಳಿಮಳೆಗೆ ನಮ್ಮೂರಲ್ಲಿ ಕತ್ತಲು. ಇನ್ವರ್ಟರ್ ಇದೆಯೆಂದು ಧೈರ್ಯ ಮಾಡಬೇಡಿ, ಅದರ ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಲೈನಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ಯಂತ್ರ ಆಫ್ ಆದೀತು. ಪಿಎಸ್‌ಪಿ ಈ ವಿಷಯದಲ್ಲಿ ಜಾಣ. ಬ್ಯಾಟರಿ ತುಂಬಿದ್ದು ಚಾರ್ಜರೂ ಸಿಕ್ಕಿಸಿದ್ದರೆ ಮಾತ್ರ ಅಪ್‌ಡೇಟ್ ಶುರುಮಾಡುತ್ತದೆ. ಊದಿಕೊಂಡ ಬ್ಯಾಟರಿ ತೆಗೆದಿಟ್ಟು ಬರೀ ಚಾರ್ಜರಿನಲ್ಲಿ ಆಡುವವರಿಗೆ ಆ ಜಾಣತನವೇ ಅಡ್ಡಿ. ಇನ್ನು ಪ್ಲೇಸ್ಟೇಷನ್ 3ರ ಅಪ್‌ಡೇಟ್ ಸುಮಾರು 200 ಎಂಬಿ. ಸಿಗ್ನಲ್ಲಿಗಾಗಿ 2021ರಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಕೂಗಿದ ಮಲೆನಾಡಿನ ಹಳ್ಳಿಗಳವರಿಗೆ ನಾನು ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸುತ್ತೇನೆ. ಪಿಎಸ್3 ಹೆಸರಿನ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಹೆಸರಿನ ಫೋಲ್ಡರ್, ಅದರಲ್ಲಿ ಫೈಲು. ಹೆಸರು ದೊಡ್ಡಕ್ಷರದಲ್ಲೇ ಇರಬೇಕು.

ಅಪ್‌ಡೇಟ್ ಎಂದರೆ ಉಪಕಾರ ಎಂದೇ ಜನ ತಿಳಿದಿದ್ದಾರೆ. ಪ್ಲೇಸ್ಟೇಷನ್ 3ರ ಕತೆ ಕೇಳಿ. ಅದರ ಮೊದಲ ಮಾದರಿಗಳಲ್ಲಿ 'ಅದರ್ ಓಎಸ್' ಎಂಬ ಸೌಲಭ್ಯವಿತ್ತು, ಲಿನಕ್ಸ್ ಹಾಕಿ ಕಂಪ್ಯೂಟರಿನಂತೆ ಬಳಸಬಹುದಿತ್ತು. ಅದನ್ನು ನಂಬಿ ಅಮೆರಿಕದ ವಾಯುಪಡೆ 1,760 ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಒಂದು ಸೂಪರ್‌ಕಂಪ್ಯೂಟರನ್ನೇ ಕಟ್ಟಿತು. 2010ರ ಏಪ್ರಿಲ್ 1ರಂದು ಬಂದ 3.21 ಅಪ್‌ಡೇಟ್ ಆ ಸೌಲಭ್ಯವನ್ನು ಕಿತ್ತುಹಾಕಿತು. ಭದ್ರತೆಗಾಗಿ ಎಂದರು. ಏಪ್ರಿಲ್ ಒಂದನೇ ತಾರೀಖು ನೋಡಿ, ತಮಾಷೆ ಇರಬಹುದೆಂದೇ ಎಷ್ಟೋ ಜನ ಅಂದುಕೊಂಡಿದ್ದರಂತೆ. ಅಪ್‌ಡೇಟ್ ಬೇಡವೆಂದರೆ ಆನ್‌ಲೈನ್ ಆಟವಿಲ್ಲ, ಹೊಸ ಗೇಮುಗಳಿಲ್ಲ. ಮಾರಿದ ಮೇಲೆ ಮನೆಯೊಳಗೆ ಬಂದು ಒಂದು ಭಾಗ ಕಿತ್ತುಕೊಂಡು ಹೋಗುವುದಕ್ಕೆ ಬೇರೆ ಯಾವ ವ್ಯಾಪಾರದಲ್ಲಿ ಅವಕಾಶವಿದೆ? ಅಮೆರಿಕದ ಗ್ರಾಹಕರು ಕೋರ್ಟಿಗೆ ಹೋದರು. ಅದು ಪರಿಹಾರದ ರಾಜಿಯಲ್ಲಿ ಮುಗಿಯುವಾಗ 2018 ಬಂದಿತ್ತು. ಈ ನಡುವೆ ಯಂತ್ರದ ಬೀಗ ಒಡೆದ ಜಾರ್ಜ್ ಹಾಟ್ಜ್ ಎಂಬ ಹುಡುಗನ ಮೇಲೆ 2011ರ ಜನವರಿಯಲ್ಲಿ ಸೋನಿಯೇ ಕೇಸು ಹಾಕಿತು, ಏಪ್ರಿಲ್‌ನಲ್ಲಿ ರಾಜಿ ಮಾಡಿಕೊಂಡಿತು.

ಅದೇ ಕಂಪನಿ ಒಳ್ಳೆಯ ಅಪ್‌ಡೇಟನ್ನೂ ಕೊಟ್ಟಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಪ್ಲೇಸ್ಟೇಷನ್ 4ರೊಳಗೆ ಗಡಿಯಾರಕ್ಕೆಂದು ಬಿಲ್ಲೆಯಂಥ ಬ್ಯಾಟರಿ ಇದೆ, ಪೇಟೆಯಲ್ಲಿ ಹತ್ತಾರು ರೂಪಾಯಿಗೆ ಸಿಗುವಂಥದ್ದು. ಅದು ಸತ್ತರೆ ಯಂತ್ರ ಸರಿಯಾದ ಸಮಯಕ್ಕಾಗಿ ಕಂಪನಿಯ ಸರ್ವರನ್ನು ಕೇಳಬೇಕಿತ್ತು. ಮುಂದೊಂದು ದಿನ ಸರ್ವರೇ ಇಲ್ಲದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಗೇಮ್ ಆಡಲಾಗದು ಎಂದು ಅಭಿಮಾನಿಗಳು 2021ರಲ್ಲಿ ಪರೀಕ್ಷಿಸಿ ತೋರಿಸಿದರು. ಆ ವರ್ಷ ಸೆಪ್ಟೆಂಬರಿನ 9.00 ಅಪ್‌ಡೇಟ್ ಸದ್ದಿಲ್ಲದೆ ಅದನ್ನು ಸರಿಪಡಿಸಿತು. ಮನಸ್ಸು ಮಾಡಿದರೆ ಆಗುತ್ತದೆ.

ಈಗ ಕಳ್ಳತನದ ಪ್ರಶ್ನೆ. ಕೇಳುವವರು ಕೇಳಲೇಬೇಕು. ಎರಡು ಸಾವಿರದ ದಶಕದಲ್ಲಿ ನಮ್ಮೂರಿಗೆ ಬಂದ ಪ್ಲೇಸ್ಟೇಷನ್ 2ಗಳಲ್ಲಿ ಬಹುಪಾಲು ಕಾಪಿ ಗೇಮು ಓಡಿಸಲು ಚಿಪ್ ಹಾಕಿದವೇ, ಜೊತೆಗೆ ಕಾಪಿ ಡಿಸ್ಕುಗಳ ಕಂತೆ. ಕಸ್ಟಮ್ ಫರ್ಮ್‌ವೇರ್ ಇದ್ದರೆ ಕೊಳ್ಳದ ಗೇಮೂ ಓಡುತ್ತದೆ, ನಿಜ. ಹಾರ್ಡ್ ಡಿಸ್ಕ್ ತುಂಬ ಗೇಮು ತುಂಬಿಸಿಕೊಡಿ ಎಂದು ಬಂದವರನ್ನು ನಾನು ವಾಪಸು ಕಳಿಸುತ್ತೇನೆ; ಕೆಲವರು ಮುಖ ಊದಿಸಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಆದರೆ ಬೀಗ ತೆಗೆಯುವುದು, ಗೇಮು ಕದಿಯುವುದು ಎರಡನ್ನೂ ನಮ್ಮ ಕಾನೂನು ಒಂದೇ ಎನ್ನುವುದಿಲ್ಲ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಉದ್ದೇಶ ಎಂಬುದು ಅಲ್ಲಿ ಬರೆದೇ ಇದೆ. ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ ಮಾಡಿಕೊಳ್ಳಲು 52ನೇ ಕಲಮಿನಲ್ಲಿ ಅವಕಾಶವೂ ಇದೆ. ತನ್ನ ಡಿಸ್ಕಿನ ಗೇಮನ್ನು ತನ್ನ ಕಾರ್ಡಿಗೆ ಇಳಿಸಿಕೊಳ್ಳುವ ಹುಡುಗ ಪಿಸುಗುಡಬೇಕಾಗಿಲ್ಲ.

ಕಳೆದುಹೋಗುತ್ತಿರುವುದು ಪರದೇಶದ ಆಟಗಳು ಮಾತ್ರ ಎಂದುಕೊಂಡರೆ ತಪ್ಪು. 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ 'ಹನುಮಾನ್: ಬಾಯ್ ವಾರಿಯರ್' ಬಂತು, ಮಾಡಿದವರು ಹೈದರಾಬಾದಿನವರು. ಅದೇ ವರ್ಷ 'ದೇಸಿ ಅಡ್ಡಾ' ಬಂತು, ಅದರಲ್ಲಿ ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಎಲ್ಲ ಇದ್ದವು. ಆಟ ಹೇಗಿತ್ತು ಎಂದು ಕೇಳಬೇಡಿ, ಹನುಮಂತನ ಆಟಕ್ಕಂತೂ ವಿಮರ್ಶಕರು ಕರುಣೆ ತೋರಲಿಲ್ಲ. ಆದರೂ ನಮ್ಮ ದೇಶದಲ್ಲಿ ಕನ್ಸೋಲ್ ಗೇಮ್ ಮಾಡಿದ ಮೊದಮೊದಲ ಕೈಗಳ ಗುರುತು ಅದು. ಪುಸ್ತಕವಾಗಿದ್ದರೆ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಹೋಗಬೇಕಿತ್ತು. ಗೇಮಿಗೆ ಅಂಥ ನಿಯಮವಿಲ್ಲ. ನಮ್ಮ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳನ್ನು ನೋಡಿದವರಿಗೆ ಗೊತ್ತು, ಗೆದ್ದಲು ಮುಟ್ಟುವ ಮೊದಲು ಯಾರೋ ಪ್ರತಿ ಮಾಡಿಕೊಂಡದ್ದರಿಂದ ಎಷ್ಟೋ ಗ್ರಂಥಗಳು ಉಳಿದವು. ಪ್ರತಿ ಮಾಡಲು ಬಿಡದ ಯಂತ್ರದಲ್ಲಿರುವುದು ಆ ಯಂತ್ರದ ಜೊತೆಯೇ ಹೋಗುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಇನ್ನು ಅಪ್‌ಡೇಟ್ ಕೊಡುವುದಿಲ್ಲ ಎಂದು ಕಂಪನಿ ತೀರ್ಮಾನಿಸಿದಾಗ ಕೊನೆಯದಾಗಿ ಒಂದು ಅಪ್‌ಡೇಟ್ ಕೊಡಲಿ. ಸರ್ವರನ್ನು ಕೇಳುವ ಪದ್ಧತಿಯನ್ನು ಅದು ತೆಗೆಯಲಿ, ಮಾಲೀಕ ತನಗೆ ಬೇಕಾದ ಸಾಫ್ಟ್‌ವೇರ್ ಹಾಕಿಕೊಳ್ಳಲು ಬಿಡಲಿ. ಯುರೋಪಿನಲ್ಲಿ ಕೊಂಡ ಗೇಮನ್ನು ಕಂಪನಿ ಕೊಲ್ಲಬಾರದು ಎಂಬ ಮನವಿಗೆ 2025ರ ಜುಲೈಯಲ್ಲೇ ಹತ್ತು ಲಕ್ಷ ಸಹಿ ದಾಟಿದೆ. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಆ ಹಕ್ಕಿಗೆಂದು ಗುರುತಿಸಿದ್ದು ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳನ್ನು. ಗೇಮ್ ಯಂತ್ರದ ಹೆಸರಿಲ್ಲ. ತಮಾಷೆಯೆಂದರೆ 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿಡಿಯೊ ಗೇಮಿನ ಹೆಸರು ಸ್ಪಷ್ಟವಾಗಿದೆ. ಎಸೆಯುವಾಗ ನೆನಪಾದದ್ದು ರಿಪೇರಿಯ ಹೊತ್ತಿಗೆ ಮರೆತಿದೆ.

ಬೀಗ ತೆಗೆದರೆ ವ್ಯಾಪಾರ ಮುಳುಗುತ್ತದೆ ಎಂದು ಕಂಪನಿಗಳವರು ಹೇಳುತ್ತಾರೆ. ಪ್ಲೇಸ್ಟೇಷನ್ 3ರ ಡಿಜಿಟಲ್ ಬೀಗದ ಕೀಲಿ ಲೋಕಕ್ಕೆಲ್ಲ ತಿಳಿದದ್ದು 2011ರ ಜನವರಿಯಲ್ಲಿ. ಜಪಾನಿನಲ್ಲಿ ಆ ಯಂತ್ರದ ತಯಾರಿ ನಿಂತದ್ದು 2017ರಲ್ಲಿ. ನಡುವಿನ ಆರು ವರ್ಷವೂ ಅವರು ಅದನ್ನು ಮಾರುತ್ತಲೇ ಇದ್ದರು.