ಬರೆಯಲು ವಿಷಯವಿಲ್ಲವೆ? ಗಲ್ಲಾಪೆಟ್ಟಿಗೆ ಮುಂದೆ ನಿಂತಿದೆ ನೋಡಿ!

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಹಿಡಿದು ಮೂಡಿಗೆರೆ ಬಸ್ ಸ್ಟ್ಯಾಂಡು, ಕಳಸದ ಪೇಟೆಯವರೆಗೆ ಅಂಗಡಿಯವರಿಗೆ ಈಗ ಹೊಸದೊಂದು ತಲೆಬಿಸಿ ಹತ್ತಿಕೊಂಡಿದೆ. ಅದು ಜಿ.ಎಸ್.ಟಿ.ಯೂ ಅಲ್ಲ, ಮಳಿಗೆ ಬಾಡಿಗೆಯೂ ಅಲ್ಲ. 'ಅಂಗಡಿ ಬಗ್ಗೆ ದಿನಾ ಏನಾದ್ರೂ ಬರೀಬೇಕಂತೆ. ಏನಂತ ಬರೆಯೋದು ಮಾರಾಯ್ರೆ?' ಎಂಬುದೇ ಆ ತಲೆಬಿಸಿ.

ಬೆಂಗಳೂರಿನಲ್ಲಿ ಓದುವ ಮಗ 'ಅಪ್ಪಾ, ವಾಟ್ಸಾಪ್‌ನಲ್ಲಿ ಸ್ಟೇಟಸ್ ಹಾಕು, ವ್ಯಾಪಾರ ಆಗುತ್ತೆ' ಅನ್ನುತ್ತಾನೆ. ಅಪ್ಪ ಹಾಕುತ್ತಾರೆ. ಮೊದಲ ದಿನ ಗುಲಾಬಿ ಹೂವಿನ ಕೆಳಗೆ 'ಶುಭೋದಯ'. ಎರಡನೆ ದಿನ ದೇವರ ಫೋಟೋ. ಮೂರನೆ ದಿನ 'ಉತ್ತಮ ಗುಣಮಟ್ಟ, ಯೋಗ್ಯ ಬೆಲೆ, ಒಮ್ಮೆ ಭೇಟಿ ಕೊಡಿ'. ನಾಲ್ಕನೆ ದಿನ ಸ್ಟಾಕು ಖಾಲಿ! ಐದನೆ ದಿನದಿಂದ ಮತ್ತೆ ಗುಲಾಬಿ ಹೂವೇ ಗತಿ.

ಈ ಹೂವು ನೋಡಿ ಯಾವ ಗಿರಾಕಿಯೂ ಅಂಗಡಿ ಮೆಟ್ಟಿಲು ಹತ್ತಿದ್ದಿಲ್ಲ. ಹತ್ತುವುದೂ ಇಲ್ಲ.

ಹಾಗಂತ ನಮ್ಮ ಅಂಗಡಿಯವರಿಗೆ ಬರೆಯುವುದು ಗೊತ್ತಿಲ್ಲ ಅನ್ನುವುದು ಸುಳ್ಳು. 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ನೋಡದವರು ಯಾರಿದ್ದಾರೆ? ತಲೆಮಾರು ಕಳೆದರೂ ಆ ನಾಲ್ಕು ಮಾತಿಗೆ ಸವಕಲು ಬಂದಿಲ್ಲ. ಯಾಕೆ? 'ಸ್ವಲ್ಪ ಬರ್ಕೊಳ್ಳಿ ಶೆಟ್ರೆ, ಶನಿವಾರ ಕೊಡ್ತೀನಿ' ಎಂದು ದಿನಕ್ಕೆ ಹತ್ತು ಜನ ಕೇಳುತ್ತಿದ್ದರು. ಹತ್ತು ಜನಕ್ಕೆ ಹತ್ತು ಸಲ ಬಾಯಲ್ಲಿ ಹೇಳುವ ಬದಲು ಒಂದೇ ಸಲ ಬರೆದು ತೂಗುಹಾಕಿದರು. ಅಷ್ಟೆ. ಗಿರಾಕಿ ಪದೇ ಪದೇ ಕೇಳಿದ ಪ್ರಶ್ನೆಗೆ ಬರೆದಿಟ್ಟ ಉತ್ತರ ಅದು. ಇಡೀ ವಿದ್ಯೆ ಇರುವುದು ಇಷ್ಟರಲ್ಲೇ.

ಏಳು ಬೀಜದ ಕತೆ ಸಾಕು

ಕಾಫಿ ಪುಡಿ ಅಂಗಡಿಗಳನ್ನೇ ನೋಡಿ. ಬಾಬಾಬುಡನ್ ಅವರು ಮೋಕಾದಿಂದ ಏಳು ಬೀಜ ತಂದರೆಂಬ ಕತೆ ಹೆಚ್ಚುಕಡಮೆ ಎಲ್ಲರ ಪೊಟ್ಟಣದ ಮೇಲೂ ಇದೆ. ಕತೆ ಚೆನ್ನಾಗಿದೆ, ಊರಿಗೆ ಹೆಮ್ಮೆಯೂ ಹೌದು. ಆದರೆ ಎಲ್ಲರೂ ಅದನ್ನೇ ಹೇಳಿದರೆ ಇವರ ಪುಡಿಗೂ ಪಕ್ಕದವರ ಪುಡಿಗೂ ವ್ಯತ್ಯಾಸ ಏನು ಅಂತ ಗಿರಾಕಿಗೆ ತಿಳಿಯುವುದು ಹೇಗೆ?

ಗಿರಾಕಿ ಕೇಳುವುದು ಏಳು ಬೀಜದ ಬಗ್ಗೆ ಅಲ್ಲ. ಅವನ ಪ್ರಶ್ನೆಗಳೇ ಬೇರೆ.

'ಇದಕ್ಕೆ ಚಿಕೋರಿ ಹಾಕಿದ್ದೀರಾ?' ಇದು ಮೊದಲನೆಯದು. ಉತ್ತರ ಮುಚ್ಚಿಡುವಂಥದ್ದೇನಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಮೆ ಇರಕೂಡದು, ಎರಡರ ಪಾಲೂ ಪೊಟ್ಟಣದ ಮೇಲೆ ಅಚ್ಚಾಗಿರಬೇಕು ಎಂದು ಕಾನೂನೇ ಇದೆ. ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಕಂದು ಗೆರೆ ಬಿಡುತ್ತಾ ಬೇಗ ತಳಕ್ಕೆ ಇಳಿಯುತ್ತದೆ. ಈ ಪರೀಕ್ಷೆಯನ್ನು ಅಂಗಡಿಯವನೇ ಬೋರ್ಡಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಟ್ಟರೆ? ಅದಕ್ಕಿಂತ ದೊಡ್ಡ ಜಾಹೀರಾತು ಇನ್ನೊಂದಿಲ್ಲ.

'ಎಂತ ಭಟ್ರೆ, ರೇಟು ಮತ್ತೆ ಏರ್ಸಿದ್ರಾ?' ಇದು ಎರಡನೆಯದು. 'ಮೇಲಿಂದಲೇ ಜಾಸ್ತಿ ಆಗಿದೆ' ಎಂಬ ಒಂದೇ ಉತ್ತರ ಕೇಳಿ ಕೇಳಿ ಗಿರಾಕಿಗೆ ಬೇಸರ ಬಂದಿದೆ. 2024ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಿತ್ತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಅಲ್ಲಿಯ ಬಿಸಿ ಮೂಡಿಗೆರೆಯ ಕಾಲು ಕೆ.ಜಿ. ಪೊಟ್ಟಣಕ್ಕೂ ತಟ್ಟಿತು. ಇದನ್ನು ಆರು ಸಾಲಿನಲ್ಲಿ ಬರೆದು ಅಂಟಿಸಿದ್ದರೆ ಗಿರಾಕಿ ಗೊಣಗಿಕೊಂಡಾದರೂ ಒಪ್ಪುತ್ತಿದ್ದ. ಬರೆಯದಿದ್ದುದರಿಂದ ಅಂಗಡಿಯವನೇ ಕಳ್ಳ ಅಂದುಕೊಂಡ.

ಇನ್ನು 'ಮನೇಲಿ ಡಿಕಾಕ್ಷನ್ ಯಾಕೆ ನೀರಾಗುತ್ತೆ?', 'ಪೀಬೇರಿ ಅಂದ್ರೇನು?', 'ಅರೇಬಿಕಾಕ್ಕೂ ರೋಬಸ್ಟಾಕ್ಕೂ ಏನು ಫರಕು?' ಒಂದೊಂದೂ ಒಂದೊಂದು ವಾರದ ಸರಕು.

ಪುಡಿ ಅಂಗಡಿಗೆ ಮಾತ್ರವೆ?

ಗೊಬ್ಬರ, ಔಷಧಿ ಅಂಗಡಿಯವರಿಗೆ ಮಳೆಗಾಲಕ್ಕೆ ಮುಂಚೆ ಬರುವ ಪ್ರಶ್ನೆ ಒಂದೇ: 'ಬೋರ್ಡೋ ಹ್ಯಾಗೆ ಕಲಸೋದು?' ಅಡಿಕೆ ಕೊಳೆರೋಗಕ್ಕೆ ಶೇ. 1ರ ದ್ರಾವಣವಾದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಕಾಫಿಯ ಎಲೆ ತುಕ್ಕಿಗಾದರೆ ಶೇ. ಅರ್ಧದ್ದು ಸಾಕು. ಕಲಸಿದ ಮೇಲೆ ಉಜ್ಜಿ ತೊಳೆದ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕುವಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಇದನ್ನು ಮೇ ತಿಂಗಳಲ್ಲಿ ಅಂಗಡಿ ಮುಂದೆ ಬರೆದು ಹಾಕಿದವನ ಹತ್ತಿರ ತುತ್ತ ಕೊಳ್ಳದೆ ರೈತ ಬೇರೆ ಕಡೆ ಹೋಗುತ್ತಾನೆಯೆ?

ಕೊಟ್ಟಿಗೆಹಾರದ ಹೋಟೆಲಿನವರಿಗೆ ಮಳೆಗಾಲದಲ್ಲಿ ನೀರುದೋಸೆಗಿಂತ ಮೊದಲು ಬರುವ ಪ್ರಶ್ನೆ 'ಘಾಟಿ ಓಪನ್ ಇದ್ಯಾ?' 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಬಂದಾದದ್ದನ್ನು ಬಸ್ಸಿನವರು ಯಾರೂ ಮರೆತಿಲ್ಲ. ಜಿಲ್ಲಾಡಳಿತದ ಆದೇಶ ನೋಡಿಕೊಂಡು, ಬೆಳಿಗ್ಗೆ ಎದ್ದ ಕೂಡಲೆ 'ಇಂದು ರಸ್ತೆ ತೆರೆದಿದೆ' ಅಥವಾ 'ಮುಚ್ಚಿದೆ' ಎಂದು ಬರೆಯುವ ಹೋಟೆಲಿನ ಸ್ಟೇಟಸ್ಸನ್ನು ಜನ ತಾವಾಗಿ ಹುಡುಕಿ ನೋಡುತ್ತಾರೆ. ನೋಡಿದವರು ದೋಸೆಗೂ ನಿಲ್ಲುತ್ತಾರೆ.

ಬಾಯಿ ಬಿಡಬೇಕಾದ ಕಾಲ

ಇದೆಲ್ಲ ಯಾಕೆ ಬೇಕು, ಹಿಂದೆ ಹೀಗಿರಲಿಲ್ಲವಲ್ಲ ಎಂದು ಹಿರಿಯರು ಕೇಳಬಹುದು. ಹೌದು, ಇರಲಿಲ್ಲ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದ ಕಾಫಿಯೆಲ್ಲ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ಮಾರುವ ಚಿಂತೆ ಬೋರ್ಡಿನದು, ಪ್ರಚಾರದ ಚಿಂತೆಯೂ ಬೋರ್ಡಿನದು. ತೊಂಬತ್ತರ ದಶಕದಲ್ಲಿ ಆ ಕಟ್ಟು ಒಂದೊಂದಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಬಿಚ್ಚಿಹೋಯಿತು. ಅಂದಿನಿಂದ ಬೆಳೆಗಾರನೂ ಅಂಗಡಿಯವನೂ ತಮ್ಮ ಮಾಲಿನ ಪರವಾಗಿ ತಾವೇ ಮಾತಾಡಬೇಕಾಗಿದೆ. ಮಾತಾಡದಿದ್ದರೆ? ದೊಡ್ಡ ಕಂಪನಿಯ ಬಣ್ಣದ ಪೊಟ್ಟಣ ಮಾತಾಡುತ್ತದೆ. ಮುಳ್ಳಯ್ಯನಗಿರಿ ನೋಡಲು ಬಂದ ಪ್ರವಾಸಿ ಕಾಫಿ ತೋಟದ ಮಧ್ಯೆ ಓಡಾಡಿ, ಹೋಗುವಾಗ ಎಲ್ಲಿಯೋ ಪ್ಯಾಕಾದ ಪುಡಿ ಕೊಂಡು ಹೋಗುತ್ತಾನೆ. ನಷ್ಟ ಯಾರಿಗೆ?

ದೊಡ್ಡ ಕಂಪನಿ ಹತ್ತಿರ ದುಡ್ಡಿದೆ, ಸಿನಿಮಾ ನಟರಿದ್ದಾರೆ. ಆದರೆ ಈ ಬೀಜ ಯಾವ ಹೋಬಳಿಯದು, ಈ ಸಲ ಹೂಮಳೆ ಸರಿಯಾಗಿ ಬಿತ್ತೋ ಇಲ್ಲವೋ, ನಿನ್ನೆ ಹುರಿದದ್ದೋ ಹೋದ ತಿಂಗಳು ಹುರಿದದ್ದೋ ಎಂದು ಗಿರಾಕಿಯ ಮುಖ ನೋಡಿ ಹೇಳುವ ಯೋಗ ಅದಕ್ಕಿಲ್ಲ. ಸಣ್ಣ ಅಂಗಡಿಯ ಬಂಡವಾಳ ಅದೇ. ಅದನ್ನು ಗಲ್ಲಾಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟರೆ ಬಡ್ಡಿ ಬರುವುದಿಲ್ಲ.

ಇದನ್ನು ಮಾತ್ರ ಬರೆಯಬೇಡಿ

ಬರೆಯಬಾರದ್ದೂ ಇದೆ. 'ಕುಡಿದರೆ ಸಕ್ಕರೆ ಕಾಯಿಲೆ ಗುಣ' ಎಂಬಂಥ ವೈದ್ಯ ಬೇಡ. ಎದುರು ಅಂಗಡಿಯವನ ಹಳಿತ ಬೇಡ. ಉದ್ರಿ ಬಾಕಿಯವರ ಹೆಸರು ಬರೆದು ಮರ್ಯಾದೆ ಕಳೆಯುವ ಕೆಲಸವಂತೂ ಬೇಡವೇ ಬೇಡ. 2019ರಲ್ಲಿ 'ಚಿಕ್ಕಮಗಳೂರು ಅರೇಬಿಕಾ', 'ಬಾಬಾಬುಡನ್‌ಗಿರೀಸ್ ಅರೇಬಿಕಾ' ಎರಡಕ್ಕೂ ಜಿ.ಐ. ಮಾನ್ಯತೆ ಸಿಕ್ಕಿದೆ. ಎಲ್ಲಿಂದಲೋ ತಂದ ಬೀಜಕ್ಕೆ ಆ ಹೆಸರು ಅಂಟಿಸುವುದು ಇನ್ನು ಮೇಲೆ ಬರೀ ಸುಳ್ಳಲ್ಲ, ಕಾನೂನಿಗೂ ವಿರುದ್ಧ. ಬರೆದ ಸುಳ್ಳು ಆಡಿದ ಸುಳ್ಳಿಗಿಂತ ಬೇಗ ಸಿಕ್ಕಿಬೀಳುತ್ತದೆ, ನೆನಪಿರಲಿ.

ಲೆಕ್ಕದ ಪುಸ್ತಕದ ಕೊನೆ ಹಾಳೆ

ಮಾಡಬೇಕಾದ್ದು ಇಷ್ಟೆ. ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಗೀಚಿಕೊಳ್ಳಿ. ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲೊಂದು ಗೀಟು. ಶನಿವಾರ ಬಾಗಿಲು ಹಾಕುವಾಗ ಯಾವುದಕ್ಕೆ ಗೀಟು ಜಾಸ್ತಿಯೋ ಅದು ಮುಂದಿನ ವಾರದ ವಿಷಯ. ಉತ್ತರ ಐದಾರು ಸಾಲು ಮೀರದಿರಲಿ. ಉತ್ತರ ಗೊತ್ತಿಲ್ಲದಿದ್ದರೆ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಹೋಗಿ ಕೇಳಲು ನಾಚಿಕೆ ಯಾಕೆ?

'ಎಲ್ಲಾ ಹೇಳ್ಕೊಟ್ರೆ ಗಿರಾಕಿ ಕಲ್ತ್ಕೊಂಡು ಬೇರೆ ಕಡೆ ಹೋಗ್ತಾನೆ' ಎಂದು ಕೆಲವರ ಅಂಜಿಕೆ. ಒಬ್ಬಿಬ್ಬರು ಹೋಗಬಹುದು. ಹೇಳಿಕೊಟ್ಟವನನ್ನು ಬಿಟ್ಟು ಹೇಳದವನ ಹತ್ತಿರ ಹೋಗುವವರು ಎಷ್ಟು ಜನ ಸಿಗುತ್ತಾರೆ?

'ನಾವು ಓದಿದವರಲ್ಲ' ಎಂಬ ನೆಪ ಇನ್ನು ಕೆಲವರದು. ಗಿರಾಕಿಗೆ ಬಾಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಹೇಳಿ, ಮಗಳು ಬರೆದುಕೊಳ್ಳಲಿ. ಈ ಜಿಲ್ಲೆಗೆ ಅದರ ಪಾಠ ಹೊರಗಿನವರು ಹೇಳಬೇಕಾಗಿಲ್ಲ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ವಿಷಯ ಹುಡುಕಿಕೊಂಡು ದಿಲ್ಲಿಗೆ ಹೋಗಲಿಲ್ಲ. ತೋಟದ ಆಳುಗಳು, ಕಿವಿ ಎಂಬ ನಾಯಿ, ಹಳ್ಳದ ಮೀನು, ಇವನ್ನೇ ಬರೆದರು. ನಾಡೆಲ್ಲ ಓದಿತು, ಈಗಲೂ ಓದುತ್ತಿದೆ. ಎಲ್ಲರೂ ತೇಜಸ್ವಿ ಆಗಬೇಕಿಲ್ಲ. ಕಣ್ಣೆದುರು ಇದ್ದದ್ದನ್ನು ನೋಡಿದರೆ ಸಾಕು.

ನಾಳೆ ಬೆಳಿಗ್ಗೆ ಬಾಗಿಲು ತೆಗೆದಾಗ ಮೊದಲ ಗಿರಾಕಿ ಏನು ಕೇಳುತ್ತಾನೋ ಗಮನವಿಟ್ಟು ಕೇಳಿ, ಬರೆದುಕೊಳ್ಳಿ. ಗುಲಾಬಿ ಹೂವಿಗೆ ಸ್ವಲ್ಪ ದಿನ ರಜೆ ಕೊಡಿ.